ಎಲ್ಲರ ಪರವಾಗಿ ಹೊಗೆ ಬಿಟ್ಟ ಸ್ಕೂಟರು

ಹುಬ್ಬಳ್ಳಿ, ಕೆಳಪೇಟೆ, ಏಳನೆಯ ಓಣಿ
ಗಾಳಿಶಕ ೯೧, ಎರಡನೆಯ ಬೇಸಿಗೆಯ ಮೂವತ್ತೇಳನೆಯ ತಾರೀಖು, ಬುಧವಾರ ಮಧ್ಯಾಹ್ನ

ಪೂಜ್ಯ ಈರಪ್ಪ ಕಮಡೊಳ್ಳಿಯವರಿಗೆ, ತಮ್ಮ ಮೊಮ್ಮಗನ ಮೊಮ್ಮಗನಾದ ಮಹಾರುದ್ರನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ಅಜ್ಜಾರೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಅರವತ್ತರ ಆಸುಪಾಸು. ಮನೆಗಳ ಕಿಟಕಿಗಳನ್ನು ಕಾಯಂ ಮುಚ್ಚಬೇಕೆಂದು ನಿಮ್ಮ ನಂತರ ಕಾನೂನು ಬಂತು, ಆ ವರ್ಷದಿಂದ ನಮ್ಮ ಶಕ ಶುರು. ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದು ಮಸುಕುಗಾಲ, ಕೊನೆಗೆ ಹದಿನೈದು ದಿನ ಮಳೆ. ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಬೇಕು. ಅವು ನಾವು ಇಷ್ಟಪಟ್ಟು ಕಟ್ಟಿದ ಮಾತುಗಳಲ್ಲ. ಪತ್ರ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಸತ್ತವರಿಗೆ, ಅವರು ಬದುಕಿದ್ದ ದಿನಕ್ಕೆ ಕಾಗದ ಮುಟ್ಟಿಸುತ್ತೇವೆಂದು ಹೇಳಿಕೊಳ್ಳುವ ಇಲಾಖೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಮಾಮೂಲಿ ಅಂಚೆಯದೂ ಅದೇ ಕಥೆಯಾದ್ದರಿಂದ ಜನ ಹೆಚ್ಚು ಅನುಮಾನಪಡುವುದಿಲ್ಲ.

‘ನಾವು ಕ್ಷೇಮ’ ಎಂದು ಮೊದಲು ಬರೆಯುವುದು ವಾಡಿಕೆ. ಆ ಒಂದು ಸಾಲಿಗೆ ಕೆಳಗೆ ಜಾಗ ಬಿಟ್ಟಿದ್ದೇನೆ. ಶುಕ್ರವಾರದ ತನಕ ಅದನ್ನು ತುಂಬಲು ನನಗೆ ಧೈರ್ಯವಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ವಯಸ್ಸು ನಲವತ್ತಾರು. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಪಡೆದವನಿಗೆ ಸರ್ಕಾರದಲ್ಲಿ ಉಳಿದಿರುವ ಕೆಲಸ ಒಂದೇ, ಪ್ರಾಸ ಹುಡುಕುವುದು. ನಾನು ಗಾಳಿ ಇಲಾಖೆಯ ಘೋಷಣೆ ಗುಮಾಸ್ತ. ‘ಊದು ಒಂದು ಸಲ, ಉಳಿಸು ನಿನ್ನ ಬಲ’ ಎಂದು ಪ್ರತಿ ಓಣಿಯ ಗೋಡೆಯ ಮೇಲಿರುವುದು ನನ್ನದೇ. ‘ಸುಳ್ಳು ಉಸಿರು ಬೇಡ, ಸುಮ್ಮನೆ ಸಾಯಬೇಡ’ ಎಂದು ಇನ್ನೊಂದು ಬರೆದಿದ್ದೆ. ಪ್ರಾಸ ಚೆನ್ನಾಗಿದೆ, ಅರ್ಥ ಚೆನ್ನಾಗಿಲ್ಲ ಎಂದು ಮೇಲಧಿಕಾರಿಗಳು ವಾಪಸು ಕಳಿಸಿದರು.

ನಮ್ಮ ದಿನಚರಿ ಹೀಗೆ. ಬೆಳಿಗ್ಗೆ ಎದ್ದು ಬಾಗಿಲ ಸಂದಿಯ ಒದ್ದೆ ಬಟ್ಟೆ ತೆಗೆದು ಹಿಂಡುತ್ತೇವೆ. ನೀರು ಯಾವ ಬಣ್ಣದಲ್ಲಿ ಇಳಿಯಿತು ನೋಡಿ ಆ ದಿನ ಹೊರಗೆ ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಚಹಾದ ಬಣ್ಣವಿದ್ದರೆ ಹೋಗಬಹುದು. ಡಾಂಬರಿನ ಬಣ್ಣವಿದ್ದರೆ ಶಾಲೆಗೆ ರಜೆ. ರೊಟ್ಟಿಯನ್ನು ತಟ್ಟಿದ ತಕ್ಷಣ ಮುಚ್ಚಬೇಕು, ಇಲ್ಲದಿದ್ದರೆ ಎಳ್ಳು ಹಚ್ಚಿದಂತೆ ಕಾಣುತ್ತದೆ. ನೆಂಟರು ಬಂದರೆ ಮೊದಲು ನೀರು ಕೊಡುವುದಿಲ್ಲ, ಮೂಗಿನ ಬಟ್ಟೆ ಬದಲಿಸಲು ಕೊಡುತ್ತೇವೆ. ಜೋರಾಗಿ ನಗುವುದು ಅಸಭ್ಯ ಎಂದು ಮಕ್ಕಳಿಗೆ ಕಲಿಸುತ್ತೇವೆ, ಏಕೆಂದರೆ ನಕ್ಕಮೇಲೆ ಎಲ್ಲರೂ ಕೆಮ್ಮಬೇಕಾಗುತ್ತದೆ.

ಆರು ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಊದುಗಟ್ಟೆಗೆ ಹೋಗಬೇಕು. ಊದುಗಟ್ಟೆ ಎಂದರೆ ಓಣಿಯ ತುದಿಯಲ್ಲಿ ಪರದೆ ಕಟ್ಟಿದ ಒಂದು ಕಟ್ಟೆ. ಅಲ್ಲಿ ಯಂತ್ರದ ಮುಂದೆ ಕೂತರೆ ಅದು ಮುಖದ ಫೋಟೋ ತೆಗೆಯುತ್ತದೆ. ಆಮೇಲೆ ನಳಿಕೆಗೆ ಊದಬೇಕು. ನೂರಕ್ಕೆ ಇಷ್ಟು ಎಂದು ಉಸಿರುಚೀಟಿ ಬರುತ್ತದೆ. ಅರವತ್ತು ದಾಟಿದರೆ ಪಾಸು, ಹಸಿರು ಕಾಗದ. ದಾಟದಿದ್ದರೆ ನಪಾಸು, ಕೆಂಪು ಕಾಗದ. ನಪಾಸಾದವರನ್ನು ಭಾನುವಾರದ ಬಸ್ಸಿನಲ್ಲಿ ಮೇಲೂರಿಗೆ ಒಯ್ಯುತ್ತಾರೆ. ಅಲ್ಲಿ ಗಾಳಿ ತಿಳಿಯಾಗಿದೆಯಂತೆ, ಔಷಧವಿದೆಯಂತೆ. ದೊಡ್ಡವರನ್ನು ನಾಲ್ಕು ವರ್ಷ, ಮಕ್ಕಳನ್ನು ಹದಿನೆಂಟು ತುಂಬುವ ತನಕ ಇಟ್ಟುಕೊಳ್ಳುತ್ತಾರೆ. ಜೊತೆಗೆ ಯಾರೂ ಹೋಗುವಂತಿಲ್ಲ. ಹೋದವರು ಗುಣವಾಗಿ ಬರುತ್ತಾರೋ ಇಲ್ಲವೋ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಏಕೆಂದರೆ ಊದುಗಟ್ಟೆ ಬಂದ ಈ ಇಪ್ಪತ್ತು ವರ್ಷಗಳಲ್ಲಿ ಇಲ್ಲಿ ಯಾರೂ ನಪಾಸಾಗಿಲ್ಲ.

ಯಾಕೆ ಆಗಿಲ್ಲ ಎಂಬುದು ನಿಮಗೆ ಬೇಗ ಅರ್ಥವಾದೀತು. ನಮ್ಮ ಮನೆಯ ಗೋಡೆಯ ಮೇಲೆ ಒಂದು ತುಕ್ಕು ಹಿಡಿದ ಸೈಲೆನ್ಸರ್ ಇದೆ. ನಿಮ್ಮ ಸ್ಕೂಟರಿನದು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ ನಿಮ್ಮ ಕಥೆ ಹೇಳುವುದು ನಮ್ಮ ಮನೆತನದ ಪದ್ಧತಿ. ನೀವು ಬೈಪಾಸ್ ರಸ್ತೆಯ ಬದಿಯಲ್ಲಿ ವ್ಯಾನು ನಿಲ್ಲಿಸಿ ಗಾಡಿಗಳ ಹೊಗೆ ತಪಾಸಣೆ ಮಾಡುತ್ತಿದ್ದಿರಿ. ಒಂದು ದಿನ ಆಟೋ ಓಡಿಸುವ ಬೈಲಪ್ಪ ಬಂದು ಕೈ ಮುಗಿದನಂತೆ: “ಈರಣ್ಣ, ನನ್ನ ಗಾಡಿ ಹೊಗಿ ಕುಡದ್ರ ನಿನ್ನ ಮಶೀನ ಕೆಮ್ಮತೈತಿ ನೋಡು. ಏನರ ಮಾಡೋ ಮಾರಾಯ, ಸಾಲಿ ಹುಡುಗ್ರು ಕಾಯಾಕತ್ತಾರ.” ನೀವು ಕರುಣೆಯಿಂದಲೇ ಹೇಳಿದಿರಂತೆ: “ನಿನ್ನ ಗಾಡಿ ಫೋಟೋಕ್ಕ ನಿಂತರ ಸಾಕು. ಹೊಗಿ ನಮ್ಮ ಸ್ಕೂಟರ್ ಬಿಡ್ತೈತಿ.” ಆಟೋದ ನಂಬರಿನ ಫೋಟೋ ಬಂತು. ಹೊಗೆ ಅಳೆಯುವ ಪೈಪು ಹೋದದ್ದು ವ್ಯಾನಿನ ಹಿಂದೆ ನಿಲ್ಲಿಸಿದ್ದ ನಿಮ್ಮ ಹೊಸ ಸ್ಕೂಟರಿನ ಸೈಲೆನ್ಸರಿಗೆ. ಬೈಲಪ್ಪ ಪಾಸಾದ. ಮರುದಿನ ಅವನ ಗೆಳೆಯ ಬಂದ. ಆಮೇಲೆ ಊರೇ ಬಂತು. ಪಾಪ, ಆ ಸ್ಕೂಟರು ಬೆಳಗಿನಿಂದ ಸಂಜೆಯ ತನಕ ನಿಂತಲ್ಲೇ ನಿಂತು ಎಲ್ಲರ ಪರವಾಗಿ ಹೊಗೆ ಬಿಟ್ಟಿತು. ಈ ಕಥೆಗೆ ಐದು ತಲೆಮಾರು ನಕ್ಕಿದೆ, ನಾನೂ ನಕ್ಕಿದ್ದೇನೆ. ನಕ್ಕು ಕೆಮ್ಮಿದ್ದೇನೆ.

ನನ್ನ ಪುಪ್ಪುಸ ಅದೇನು ಪುಣ್ಯವೋ ಗಟ್ಟಿಯಾಗಿದೆ. ಯಾವಾಗ ಊದಿದರೂ ತೊಂಬತ್ತೆರಡು. ಊದುಗಟ್ಟೆಯ ಯಂತ್ರ ನೋಡಿಕೊಳ್ಳುವ ಫಕ್ಕೀರವ್ವ ನಮ್ಮ ಓಣಿಯವಳೇ, ದೂರದ ನೆಂಟಳು. ಮೊದಲ ಸಲ ಅವಳ ಗಂಡನಿಗಾಗಿ ಊದಿದೆ. ಆತ ಯಂತ್ರದ ಮುಂದೆ ಮುಖ ಕೊಟ್ಟು ಕೂತ. ನಳಿಕೆಯ ತುದಿ ಪರದೆಯ ಕೆಳಗಿನಿಂದ ನನ್ನ ಬಾಯಿಗೆ ಬಂತು. ಯಂತ್ರ ಮುಖ ನೋಡುತ್ತದೆ, ಉಸಿರು ಅಳೆಯುತ್ತದೆ. ಎರಡೂ ಒಬ್ಬರದೇ ಎಂದು ಅದು ನಂಬುತ್ತದೆ. ಇವತ್ತು ಓಣಿಯ ಇನ್ನೂರ ಹತ್ತು ಜನರಿಗೂ ತೊಂಬತ್ತೆರಡು. ಎಂಬತ್ತರ ಮುದುಕಿಗೂ ತೊಂಬತ್ತೆರಡು. ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಪ್ರೀತಿಯಿಂದ ‘ಸ್ಕೂಟರಣ್ಣ’ ಎನ್ನುತ್ತಾರೆ. ಇಲಾಖೆ ನಮಗೆ ‘ಆದರ್ಶ ಓಣಿ’ ಎಂಬ ಫಲಕ ಕೊಟ್ಟಿದೆ. ಅದರ ಮೇಲಿನ ಪ್ರಾಸವೂ ನನ್ನದೇ. ಕೆಳಪೇಟೆಗೆ ಮಂಜೂರಾದ ಗಾಳಿಗೋಪುರವನ್ನು, ಅಂದರೆ ಗಾಳಿ ಸೋಸುವ ದೊಡ್ಡ ಕಂಬವನ್ನು, ಇಷ್ಟು ಆರೋಗ್ಯವಂತ ಓಣಿಗೆ ಬೇಡವೆಂದು ಬೇರೆ ಕಡೆ ಒಯ್ದರು. ನಿಮ್ಮ ಕಾಲದಲ್ಲಿ ಗಾಳಿಗೋಪುರ ಎಂದರೆ ಆಗದ ಮಾತು ಎಂಬ ಅರ್ಥವಿತ್ತಂತೆ. ನಮ್ಮ ಓಣಿಯ ಮಟ್ಟಿಗೆ ಈಗಲೂ ಅದೇ.

ಇನ್ನು ನಗಿಸಲು ನನ್ನಿಂದಾಗದು.

ನನ್ನ ಹೆಂಡತಿ ಹೊನ್ನವ್ವನಿಗೆ ಆರು ವರ್ಷದ ಹಿಂದೆ ಕೆಮ್ಮು ಶುರುವಾಯಿತು. ಮಗಳು ನೀಲವ್ವನಿಗೆ ಆಗ ಮೂರು ವರ್ಷ. ಕೂಸನ್ನು ನಾಲ್ಕು ವರ್ಷ ಬಿಟ್ಟು ಮೇಲೂರಿಗೆ ಹೋಗಲಾರೆ ಎಂದು ಅವಳೇ ಕೇಳಿಕೊಂಡಳು: “ಇದೊಂದ ಸಲ ನೀವ ಊದ್ರಿ. ಮುಂದಿನ ಸಲ ಆರಾಮಾಗಿರ್ತೀನಿ, ನಾನ ಊದ್ತೀನಿ.” ಮುಂದಿನ ಸಲವೂ ನಾನೇ ಊದಿದೆ. ಐದು ಸಲ ಊದಿದೆ. ಕೊನೆಗೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಾಗ ಡಾಕ್ಟರು ಉಸಿರುಚೀಟಿ ನೋಡಿದರು. ಅರವತ್ತರ ಕೆಳಗಿನವರಿಗೆ ಮಾತ್ರ ಗಾಳಿಕೋಣೆಯಲ್ಲಿ ಹಾಸಿಗೆ. “ತೊಂಬತ್ತೆರಡು ಐತಲ್ರೀ, ಇದು ಮನಸಿನ ಅಂಜಿಕಿ. ಮನಿಗೆ ಕರಕೊಂಡ ಹೋಗ್ರಿ” ಎಂದರು. ಅಲ್ಲೇ ನಿಜ ಹೇಳಬಹುದಿತ್ತು. ಹೇಳಿದ್ದರೆ ಅವಳ ಚೀಟಿಯ ಜೊತೆಗೆ ಓಣಿಯ ಎಲ್ಲರ ಚೀಟಿಯೂ ಸುಳ್ಳಾಗುತ್ತಿತ್ತು, ಎಷ್ಟು ಮನೆಗಳಿಂದ ಎಷ್ಟು ಜನರನ್ನು ಬಸ್ಸು ಹತ್ತಿಸುತ್ತಿದ್ದರೋ. ಬಾಯಿ ಬಿಡಲಿಲ್ಲ. ಇನ್ನೂರು ಜನರಿಗಾಗಿ ಊದಿದ ಬಾಯಿ, ಆವತ್ತು ಒಂದು ಮಾತಿಗೆ ತೆರೆಯಲಿಲ್ಲ. ಹನ್ನೊಂದನೆಯ ದಿನ ಅವಳು ಹೋದಳು. ಕೊನೆಯ ಚೀಟಿ ತಲೆದಿಂಬಿನ ಕೆಳಗಿತ್ತು, ಹಸಿರು.

ಆಮೇಲೆ ನಾನು ಇಲಾಖೆಯ ಹಳೆಯ ಕಡತಗಳನ್ನು ಓದತೊಡಗಿದೆ. ನಿಮ್ಮ ಕಾಲದ ಸರ್ಕಾರ ಏನೂ ಮಾಡಲಿಲ್ಲ ಎಂದು ಬರೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಹಾಗಿಲ್ಲ, ಅಜ್ಜಾರೆ. ಹಳೆಯ ಗಾಡಿಗಳನ್ನು ಗುಜರಿಗೆ ಹಾಕುವ ಯೋಜನೆ ಇತ್ತು. ಎಂಜಿನುಗಳಿಗೆ ಹೊಸ ಮಾನದಂಡ, ಜನರೇಟರುಗಳಿಗೆ ಹೊಗೆ ಸೋಸುವ ಡಬ್ಬಿ, ಬ್ಯಾಟರಿ ಬಸ್ಸು, ಆರು ತಿಂಗಳಿಗೊಮ್ಮೆ ತಪಾಸಣೆ, ಎಲ್ಲ ಇದ್ದವು. ಓದಿದರೆ ಕಣ್ಣು ತುಂಬುವಷ್ಟು ಒಳ್ಳೆಯ ಯೋಜನೆಗಳು. ಒಂದು ಟಿಪ್ಪಣಿ ಮಾತ್ರ ನನ್ನನ್ನು ಬಿಡುತ್ತಿಲ್ಲ. ನಿಮ್ಮ ಬೈಪಾಸಿನ ಭಾಗದ್ದು. ‘ಇಲ್ಲಿ ನೂರಕ್ಕೆ ತೊಂಬತ್ತೇಳು ವಾಹನಗಳು ಮಿತಿಯೊಳಗಿವೆ. ಆದ್ದರಿಂದ ಬ್ಯಾಟರಿ ಬಸ್ಸುಗಳನ್ನೂ ಹಳೆಯ ಆಟೋಗಳ ಬದಲಾವಣೆಯನ್ನೂ ಸದ್ಯಕ್ಕೆ ಮುಂದೂಡಬಹುದು.’ ಬರೆದವರು ಕೆಟ್ಟವರಲ್ಲ. ಅವರ ಮುಂದಿದ್ದದ್ದು ಚೀಟಿ, ಹೊಗೆಯಲ್ಲ. ಅವರು ಓದಿದ್ದು ನಿಮ್ಮ ಸ್ಕೂಟರನ್ನು. ‘ಸದ್ಯಕ್ಕೆ’ ಎಂಬ ಮಾತಿಗೆ ನೂರ ಮೂವತ್ತು ವರ್ಷ ವಯಸ್ಸಾಗಿದೆ.

ಗುರುವಾರ, ಬೆಳಿಗ್ಗೆ

ನೀಲವ್ವನಿಗೆ ಈಗ ಒಂಬತ್ತು. ಒಂಬತ್ತು ತುಂಬಿದವರು ಮೊದಲ ಸಲ ಊದಬೇಕು. ಅವಳ ಸರದಿ ನಾಳೆ. ಆಕಾಶಕ್ಕೆ ಹಿಂದೆ ನೀಲಿ ಬಣ್ಣವಿತ್ತೆಂದು ನನ್ನ ತಾಯಿ ಇಟ್ಟ ಹೆಸರದು. ಹೋದ ವಾರ ಜಡೆ ಹಾಕಲು ಕೂಡಿಸಿಕೊಂಡಾಗ ಅವಳ ಉಗುರುಗಳನ್ನು ನೋಡಿದೆ. ಆಕಾಶದಲ್ಲಿ ನಾನು ಎಂದೂ ಕಾಣದ ಬಣ್ಣ ಅಲ್ಲಿತ್ತು. ಅವಳು ಕೈ ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಅಂದರೆ ಅವಳಿಗೂ ಗೊತ್ತಿದೆ.

ಫಕ್ಕೀರವ್ವ ನಿನ್ನೆಯೇ ಬಂದು ಹೇಳಿ ಹೋದಳು: “ಸ್ಕೂಟರಣ್ಣ, ನಾಡಿದ್ದ ಹಿತ್ತಲ ಬಾಗಲಿಂದ ಬಾ. ಕೂಸು ಮುಂದಿಂದ ಬರಲಿ. ಅಕಿ ಮಾರಿ, ನಿನ್ನ ಉಸಿರು. ಯಾಕ ಅಷ್ಟ ಅಂಜತಿ? ಊರ ಮಂದಿಗೆಲ್ಲ ಊದೀದಿ, ಹಡದ ಮಗಳಿಗೆ ಊದೂದಿಲ್ಲೇನು?” ಅವಳ ಮಾತಿನಲ್ಲಿ ವಾತ್ಸಲ್ಯವೇ ಇತ್ತು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನಾನು ಊದಿದರೆ ಅವಳು ಮನೆಯಲ್ಲಿರುತ್ತಾಳೆ, ನನ್ನ ಕಣ್ಣೆದುರು, ಹಸಿರು ಚೀಟಿ ಹಿಡಿದು, ಅವಳ ಅವ್ವನಂತೆ. ಊದದಿದ್ದರೆ ಭಾನುವಾರದ ಬಸ್ಸು. ಮೇಲೂರಿನ ಬಗ್ಗೆ ಯಾರನ್ನು ಕೇಳಲಿ? ಹೋಗಿಬಂದವರು ಒಬ್ಬರಾದರೂ ಇದ್ದಿದ್ದರೆ ಕೇಳಬಹುದಿತ್ತು. ಯಾರನ್ನೂ ಹೋಗಗೊಡದವನು ನಾನೇ. ಬೆಳಿಗ್ಗೆಯಿಂದ ಬಾಗಿಲ ಬಟ್ಟೆಯನ್ನು ಮೂರು ಸಲ ಹಿಂಡಿದ್ದೇನೆ. ಎದುರಿಗೆ ಸೈಲೆನ್ಸರ್ ತೂಗುತ್ತಿತ್ತು. ಅದನ್ನು ಕೆಳಗಿಳಿಸಿ ಮಂಚದ ಅಡಿ ಇಟ್ಟೆ. ಗೋಡೆಯ ಮೇಲೆ ಅದರ ಗುರುತು ಉಳಿದಿದೆ.

ಶುಕ್ರವಾರ, ಮಧ್ಯಾಹ್ನ

ಮುಂದಿನ ಬಾಗಿಲಿನಿಂದಲೇ ಹೋದೆವು. ದಾರಿಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ, ಅವ್ವನ ಐದು ಚೀಟಿಗಳನ್ನೂ. ಬಯ್ಯುತ್ತಾಳೆಂದುಕೊಂಡೆ. ಅವಳು ಕೇಳಿದಳು: “ಅಪ್ಪಾ, ಹಂಗಾರ ಓಣ್ಯಾಗ ಎಲ್ಲಾರ ಚೀಟ್ಯಾಗೂ ನೀನ ಅದೀ ಏನು?” ಹೌದೆಂದೆ. “ನನ್ನ ಚೀಟ್ಯಾಗರ ನಾ ಇರ್ತೀನಿ ಬಿಡು” ಎಂದಳು. ಧೈರ್ಯದಿಂದ ಹೇಳಿದಳೆಂದು ತಿಳಿಯಬೇಡಿ. ನನ್ನ ಅಂಗಿಯ ಚುಂಗನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿಕೊಂಡಿದ್ದಳು.

ಫಕ್ಕೀರವ್ವ ಅಭ್ಯಾಸಬಲದಿಂದ ನಳಿಕೆಯನ್ನು ಪರದೆಯ ಕೆಳಗೆ ತೂರಿಸಿದಳು. ಆಚೆ ನಾನಿರಲಿಲ್ಲ. ಈಚೆ, ಮಗಳ ಪಕ್ಕದಲ್ಲೇ ನಿಂತಿದ್ದೆ. ಬಗ್ಗಿ ನಳಿಕೆಯನ್ನು ಎಳೆದುಕೊಂಡೆ. ಅದು ನನ್ನ ಕೈಯಲ್ಲಿತ್ತು, ಬಾಯಿಗೆ ಒಂದು ಗೇಣು ದೂರ. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ ತಿಳಿಯದು. ಆಮೇಲೆ ನೀಲವ್ವನ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿ ಊದಿದಳು. ಮೂವತ್ತೆಂಟು.

ಫಕ್ಕೀರವ್ವನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಕೆಂಪು ಕಾಗದದ ಕಟ್ಟು ಇಪ್ಪತ್ತು ವರ್ಷಗಳಿಂದ ಬಿಚ್ಚದೆ ಬಿದ್ದಿತ್ತು. ಕಟ್ಟಿದ ದಾರವನ್ನು ಹಲ್ಲಿನಿಂದ ಕಡಿದು, ಹಾಳೆಯ ಮೇಲಿನ ಧೂಳು ಊದಿ, ಮುಖಕ್ಕೆ ಸೆರಗು ಒತ್ತಿಕೊಂಡಳು. “ಏನ ಮಾಡಿದ್ಯೋ ತಮ್ಮಾ” ಎಂದಳು. ಸ್ಕೂಟರಣ್ಣ ಎನ್ನಲಿಲ್ಲ. ಸರದಿಯಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ನನ್ನನ್ನು ನೋಡದೆ ಮನೆಗೆ ಹೋದರು. ಉಳಿದವರು ಹೋಗಲಿಲ್ಲ. ಅವರು ಏನು ಮಾಡಿದರೋ ನೋಡಲು ನಾನು ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು. ಈಗ ನೀಲವ್ವ ಒಳಗೆ ಬಟ್ಟೆ ಮಡಚುತ್ತಿದ್ದಾಳೆ. ಪ್ರತಿ ತಿಂಗಳು ಕಾಗದ ಬರೆಯುತ್ತೇನೆಂದಿದ್ದಾಳೆ, ಪ್ರಾಸ ಹಾಕಿ. ಅಲ್ಲಿ ಗಾಳಿ ನಿಜವಾಗಿ ತಿಳಿಯಾಗಿದೆಯೋ, ಹಾಸಿಗೆ ಇದೆಯೋ, ಆ ಕಾಗದ ಬರುತ್ತದೋ ನನಗೆ ಗೊತ್ತಿಲ್ಲ. ಮೂವತ್ತೆಂಟು ಎಂಬುದೊಂದೇ ಗೊತ್ತು. ಅದು ಅವಳದು ಎಂದು ಗೊತ್ತು. ಮೇಲೆ ಖಾಲಿ ಬಿಟ್ಟ ಸಾಲನ್ನು ತುಂಬಲಾರೆ. ಅದು ಹಾಗೆಯೇ ನಿಮ್ಮ ಕೈ ಸೇರಲಿ.

ಕೇಳುವುದು ಒಂದಿದೆ. ಈ ಕಾಗದವನ್ನು ಬೈಲಪ್ಪ ಬರುವ ದಿನದ ಬೆಳಿಗ್ಗೆಗೆ ಹಾಕುತ್ತಿದ್ದೇನೆ. ಆತ ಒಳ್ಳೆಯವನು, ನೀವೂ ಒಳ್ಳೆಯವರು, ಶಾಲೆಯ ಮಕ್ಕಳು ಕಾಯುತ್ತಿರುವುದೂ ನಿಜ. ಆತ ಕೈ ಮುಗಿಯುತ್ತಾನೆ. ನಿಮಗೆ ಮರುಕ ಬರುತ್ತದೆ. ನನಗೂ ಬರುತ್ತಿತ್ತು. ನಕ್ಕು, ಬೆನ್ನು ತಟ್ಟಿ, ಚಹಾ ಕುಡಿಸಿ ಕಳಿಸಿ, ಬೇಡವೆನ್ನುವುದಿಲ್ಲ. ಪೈಪನ್ನು ಮಾತ್ರ ಅವನ ಗಾಡಿಗೇ ಹಾಕಿರಿ, ಅಜ್ಜಾರೆ.

ನಪಾಸಾಗಲಿ.

ತಮ್ಮವನೇ ಆದ
ಮಹಾರುದ್ರ