ಐಸ್ ಬೆವರುವ ತನಕ

ಪ್ರೀತಿಯ ಚಿಕ್ಕಮ್ಮನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಮೆಸೇಜ್ ನೋಡುತ್ತೀಯ, ಉತ್ತರ ಕೊಡುವುದಿಲ್ಲ. ಹಾಗಾಗಿ ನೀನೇ ಕಲಿಸಿದ ದಾರಿ ಹಿಡಿದಿದ್ದೇನೆ. ನಾನು ಸ್ಕೂಲ್ ಹಾಸ್ಟೆಲ್ಲಿನಲ್ಲಿದ್ದಾಗ ನನಗೆ ಕಾಗದ ಬರೆಯುತ್ತಿದ್ದವಳು ನೀನೊಬ್ಬಳೇ. ‘ಇಂಗ್ಲಿಷಲ್ಲಿ ಉತ್ತರ ಬರೆದ್ರೆ ಓದಲ್ಲ, ಅಂಗಿ ಗುಂಡಿ ಕಟ್ಟಿಡೋಕೆ ಪೊಟ್ಟಣ ಮಾಡ್ಕೋತೀನಿ’ ಎಂದು ಹೆದರಿಸುತ್ತಿದ್ದೆ. ಇವತ್ತೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಡುವೆ ಇಂಗ್ಲಿಷ್ ಇಣುಕಿದರೆ ಬೈಕೋ, ಆದರೆ ಪೊಟ್ಟಣ ಮಾಡುವ ಮೊದಲು ಪೂರ್ತಿ ಓದು. ಪ್ಲೀಸ್.

ನಿನಗೆ ನಾನು ಯಾವಾಗಲೂ ಗಾಬರಿ ಡಬ್ಬಿ. ಪರೀಕ್ಷೆಗೆ ಗಾಬರಿ, ಬಸ್ ತಪ್ಪೀತೆಂದು ಗಾಬರಿ, ಹಲ್ಲು ಅಲ್ಲಾಡಿದರೆ ಗಾಬರಿ. ಈ ಕಾಲೇಜಿಗೆ ಬಂದ ಮೇಲಂತೂ ಮೆಸ್ಸಿನಲ್ಲಿ ಯಾರ ಪಕ್ಕ ಕೂರಲಿ ಎಂಬುದಕ್ಕೂ ಗಾಬರಿ. ಆದರೆ ಈಗಿನದು ಆ ಥರದ ಗಾಬರಿ ಅಲ್ಲ ಚಿಕ್ಕಮ್ಮ. ನಿನ್ನ ಬನ್ನುವಿಗೆ ಎರಡು ತಿಂಗಳು ತುಂಬಿ ಆಯಿತು. ಅವನಿಗೆ ಮೊದಲನೇ ಚುಚ್ಚುಮದ್ದು ಇನ್ನೂ ಆಗಿಲ್ಲ.

ಅದನ್ನು ಹಾಕಿಸು ಎಂದು ಹೇಳಲು ಅಮ್ಮ ನಿನ್ನ ಮನೆ ಬಾಗಿಲಿಗೆ ಬಂದ ದಿನ ನಾನೂ ಜೊತೆಗಿದ್ದೆ. ಬನ್ನು ನಿನ್ನ ಹೆಗಲ ಮೇಲೆ ಕೆನ್ನೆ ಒತ್ತಿ ನಿದ್ದೆ ಹೋಗಿದ್ದ. ಹೊಲಿಗೆ ಮಿಷನ್ನಿನ ಮೇಲೆ ಯಾರದೋ ತೋಳಿಲ್ಲದ ಕೋಟು ಬಿದ್ದಿತ್ತು. ನೀನು ನಮ್ಮನ್ನು ಒಳಗೆ ಕರೆಯಲಿಲ್ಲ. ‘ಅಕ್ಕಾ, ಟೀವಿಲಿ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ಯಾವುದಾದ್ರೂ ಒಂದನ್ನ ಆರಿಸ್ಕೋ’ ಅಂದೆ. ಅಮ್ಮ ‘ಎರಡೂ ನಿಜ ಕಣೇ’ ಅಂದಳು. ‘ಎರಡೂ ನಿಜ ಆಗೋದು ನಿಮ್ಮ ಆಫೀಸಲ್ಲಿ ಮಾತ್ರ. ನಮ್ಮನೇಲಿರೋದು ಒಂದೇ ಮಗು’ ಅಂದೆ ನೀನು.

ಅಮ್ಮ ಅಲ್ಲೇ ತಿರುಗಿ ಚಪ್ಪಲಿ ಮೆಟ್ಟಿಕೊಂಡಳು. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ, ನನಗೂ ಇಲ್ಲ. ಎಷ್ಟು ವರ್ಷ ಕಾದು, ಎಷ್ಟು ಆಸ್ಪತ್ರೆಗಳ ಬೆಂಚು ಸವೆಸಿ ಪಡೆದ ಮಗು ಅವನು. ಸ್ವಂತ ಅಕ್ಕನೇ ಟೀವಿಯಲ್ಲಿ ಲಸಿಕೆಯ ಬಾಟಲಿ ಎತ್ತಿ ಹಿಡಿದು ‘ಇದು ಕೆಟ್ಟಿದೆ, ಮಗುವಿಗೆ ಹಾಕಬಾರದು’ ಎಂದು ಹೇಳಿದ್ದನ್ನು ಕಣ್ಣಾರೆ ನೋಡಿದ ಮೇಲೆ ಯಾವ ತಾಯಿ ತಾನೇ ಧೈರ್ಯ ಮಾಡುತ್ತಾಳೆ? ನನ್ನ ರೂಮ್‌ಮೇಟ್ ಕೂಡ ಅದೇ ಕ್ಲಿಪ್ ತೋರಿಸಿ ‘ಇದು ನಿಮ್ಮಮ್ಮ ಅಲ್ವಾ? ಸೂಪರ್ ಕಣೇ, ಎಷ್ಟು ಧೈರ್ಯ!’ ಅಂದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅಮ್ಮ ಆ ಮಾತು ಆಡಿದ್ದು ನಿಜ. ಅದಕ್ಕೆ ಮೊದಲು ಏನಾಯಿತು, ಆಮೇಲೆ ಏನು ಹೇಳಿದಳು ಎಂಬುದು ಕ್ಲಿಪ್ಪಿನಲ್ಲಿಲ್ಲ. ಅದನ್ನು ರೆಕಾರ್ಡ್ ಮಾಡಿದ ದಿನ ನಾನು ರಜೆಗೆ ಬಂದಿದ್ದೆ. ಬೆಳಿಗ್ಗೆಯಿಂದ ಅವಳ ಆಫೀಸಿನ ಮೂಲೆಯಲ್ಲೇ ಕೂತಿದ್ದೆ.

ಲಸಿಕೆ ಇಡುವ ಆ ಕೋಣೆ ನಿನಗೆ ಗೊತ್ತಲ್ಲ, ಫ್ರಿಜ್ಜುಗಳು ಸಾಲಾಗಿ ನಿಂತು ಗುಂಯ್ ಅನ್ನುತ್ತಿರುತ್ತವೆ. ಅಲ್ಲಿಂದ ಲಸಿಕೆಯನ್ನು ಹೊರಗೆ ಕಳಿಸುವಾಗ ಐಸ್ ತುಂಬಿದ ಚಪ್ಪಟೆ ಡಬ್ಬಿಗಳನ್ನು ಪೆಟ್ಟಿಗೆಯ ಸುತ್ತ ಜೋಡಿಸುತ್ತಾರೆ. ಫ್ರೀಜರಿನಿಂದ ತೆಗೆದ ತಕ್ಷಣ ಜೋಡಿಸುವಂತಿಲ್ಲ. ಅವನ್ನು ಮೇಜಿನ ಮೇಲೆ ಹರಡಿ ಬೆವರಲು ಬಿಡಬೇಕು. ಹೊರಮೈಯಲ್ಲಿ ಹನಿ ಮೂಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಅದಕ್ಕೆ ಮೊದಲೇ ಇಟ್ಟರೆ ಅತಿ ತಣ್ಣಗಾಗಿ ಲಸಿಕೆಯೇ ಹೆಪ್ಪುಗಟ್ಟುತ್ತದೆ. ನಾಯಿಕೆಮ್ಮಿನದು ಬಹಳ ನಾಜೂಕು, ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಅಮ್ಮ ಒಂದೊಂದೇ ಡಬ್ಬಿಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುವುದನ್ನು ನೋಡಿ ನೀನೇ ನಗುತ್ತಿದ್ದೆ, ‘ನಿಮ್ಮಮ್ಮ ಐಸ್ ಜೊತೆ ಫೋನಲ್ಲಿ ಮಾತಾಡ್ತಾಳೆ’ ಎಂದು.

ಆ ದಿನ ಲಸಿಕೆ ಸಾಗಿಸುವ ಹೊಸ ವ್ಯಾನುಗಳ ಉದ್ಘಾಟನೆ. ಸಂಜೆ ಇದ್ದದ್ದನ್ನು ಸಚಿವರಿಗೆ ಬೇರೆಲ್ಲೋ ಭಾಷಣವಿದೆಯೆಂದು ಬೆಳಿಗ್ಗೆಗೇ ಎಳೆದರು. ಹೊಸ ಡೈರೆಕ್ಟರ್ ಓಡಿಬಂದ. ಹಳೆಯ ಡೈರೆಕ್ಟರನ್ನು ಎತ್ತಂಗಡಿ ಮಾಡಿ ಪಕ್ಷದ ವಕ್ತಾರನನ್ನು ತಂದು ಕೂರಿಸಿದರಲ್ಲ, ಅವನೇ. ಕೈಗೆ ಸಿಕ್ಕ ಮೈಕು ಬಿಡುವುದಿಲ್ಲವೆಂದು ನರ್ಸಕ್ಕಂದಿರು ಅವನಿಗೆ ಮೈಕಪ್ಪ ಎಂದು ಹೆಸರಿಟ್ಟಿದ್ದಾರೆ. ‘ಇನ್ನೂ ತುಂಬಿಲ್ವೇನ್ರೀ?’ ಅಂದ. ಅಮ್ಮ ‘ಸರ್, ಐಸ್ ಇನ್ನೂ ಬೆವರಿಲ್ಲ’ ಅಂದಳು. ‘ನಿಮ್ಮ ಐಸು ಬೆವರೋ ತನಕ ಮಿನಿಸ್ಟ್ರು ಬಿಸಿಲಲ್ಲಿ ಬೆವರ್ಬೇಕಾ? ಖಾಲಿ ವ್ಯಾನಿಗೆ ಬಾವುಟ ತೋರಿಸ್ಲಾ? ತುಂಬ್ರೀ ಸುಮ್ನೆ!’ ಅಂದ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನ ಹಿಂದೆ ಬಂದಿದ್ದವರು ಅವಳ ಪಕ್ಕದಿಂದಲೇ ನುಗ್ಗಿ ತುಂಬಿಸಿಕೊಂಡು ಹೋದರು.

ಚಪ್ಪಾಳೆ, ಫೋಟೋ ಎಲ್ಲ ಮುಗಿಯುವ ಹೊತ್ತಿಗೆ ಅಮ್ಮ ಎಲ್ಲ ಸೆಂಟರುಗಳಿಗೂ ಫೋನ್ ಮಾಡಿ ಒಂದೂ ಮಗುವಿಗೆ ಹಾಕಬೇಡಿ ಎಂದು ಹೇಳಿದ್ದಳು, ಮಧ್ಯಾಹ್ನದ ಹೊತ್ತಿಗೆ ಆ ಪೆಟ್ಟಿಗೆಗಳನ್ನು ವಾಪಸ್ ತರಿಸಿದಳು. ಆಮೇಲೆ ಹೊಸದಾಗಿ ಸೇರಿದ ನರ್ಸುಗಳನ್ನು ನಿಲ್ಲಿಸಿಕೊಂಡು ಪರೀಕ್ಷೆ ಮಾಡಿ ತೋರಿಸಿದಳು. ತರಬೇತಿಗೆ ಬೇಕಾಗುತ್ತದೆಂದು ಆಫೀಸಿನ ಕ್ಯಾಮೆರಾದಲ್ಲೇ ರೆಕಾರ್ಡ್ ಮಾಡಿಸಿದಳು. ವಾಪಸ್ ಬಂದ ಬಾಟಲಿ ಒಂದು, ಫ್ರಿಜ್ಜಿನಲ್ಲೇ ಇದ್ದ ಒಳ್ಳೆಯ ಬಾಟಲಿ ಒಂದು. ಎರಡನ್ನೂ ಒಟ್ಟಿಗೆ ಅಲ್ಲಾಡಿಸಿ ಮೇಜಿನ ಮೇಲಿಟ್ಟಳು. ನೋಡಲು ಎರಡೂ ಒಂದೇ ಥರ, ಹಾಲು ಕಲಸಿದ ನೀರಿನ ಹಾಗೆ. ‘ಈಗ ಯಾರೂ ಮಾತಾಡ್ಬೇಡಿ, ಸುಮ್ನೆ ಕಾಯ್ಬೇಕು’ ಅಂದಳು. ಬಹಳ ಹೊತ್ತು ಕಾದೆವು. ನನಗೆ ಆಕಳಿಕೆ ಬಂತು. ನಿಧಾನವಾಗಿ ಒಂದು ಬಾಟಲಿಯಲ್ಲಿ ಬಿಳಿಯದೆಲ್ಲ ತಳಕ್ಕಿಳಿದು ಮೇಲೆ ಬರೀ ತಿಳಿನೀರು ಉಳಿಯಿತು. ಇನ್ನೊಂದು ಹಾಗೇ ಇತ್ತು.

ತಳಕ್ಕಿಳಿದದ್ದನ್ನು ಎತ್ತಿ ಹಿಡಿದು ಅಮ್ಮ ಹೇಳಿದಳು: ‘ಇದು ಕೆಟ್ಟಿದೆ, ಮಗುವಿಗೆ ಹಾಕಬಾರದು.’ ನೀನು ನೋಡಿದ್ದು ಅಲ್ಲಿಗೆ ಮುಗಿಯಿತು. ಅವಳು ನಿಲ್ಲಿಸಲಿಲ್ಲ ಚಿಕ್ಕಮ್ಮ. ಇನ್ನೊಂದು ಕೈಯಲ್ಲಿ ಒಳ್ಳೆಯ ಬಾಟಲಿ ಎತ್ತಿ, ‘ಇದು ಸರಿಯಾಗಿದೆ, ಇದನ್ನ ಹಾಕ್ದೇ ಇರಬಾರದು. ಕೆಟ್ಟಿದ್ದು ವಿಷ ಅಲ್ಲ, ಅದರ ಶಕ್ತಿ ಹೋಗಿದೆ, ಅಷ್ಟೇ. ಹಾಕಿದ್ರೆ ಮಗು ಕಾಪಾಡಿದ್ವಿ ಅಂತ ನಾವು ಅಂದ್ಕೋತೀವಿ, ಕಾಪಾಡಿರಲ್ಲ. ಅದಕ್ಕೇ ಎಸೀಬೇಕು’ ಅಂದಳು. ಈ ಭಾಗವನ್ನು ಕತ್ತರಿಸಿ, ಉಳಿದ ತುಂಡನ್ನು ಮೈಕಪ್ಪ ಟೀವಿಯವರಿಗೆ ಕೊಟ್ಟ. ‘ನಮ್ಮ ಅಧಿಕಾರಿಯೇ ಒಪ್ಪಿಕೊಂಡಿದ್ದಾರೆ’ ಅಂದ. ವರ್ಷಗಟ್ಟಲೆ ಸಭೆಗಳಲ್ಲಿ ಲಸಿಕೆ ಎಲ್ಲ ಮೋಸವೆಂದು ಕೂಗಿ ಚಪ್ಪಾಳೆ ಗಿಟ್ಟಿಸಿದವನಿಗೆ ಅಷ್ಟು ಸಾಕಾಗಿತ್ತು. ಮಾರನೆಯ ವಾರವೇ ಲಸಿಕೆಯ ಬಗ್ಗೆ ಸಲಹೆ ಕೊಡುತ್ತಿದ್ದ ಡಾಕ್ಟರುಗಳ ಸಮಿತಿಯನ್ನು ಮನೆಗೆ ಕಳಿಸಿ, ಮರುಪರಿಶೀಲನೆ ಎಂದು ಎಲ್ಲ ನಿಲ್ಲಿಸಿದರು. ಆಮೇಲೆ ಇಷ್ಟವಿದ್ದವರು ಹಾಕಿಸಿಕೊಳ್ಳಬಹುದು ಎಂದು ಶುರು ಮಾಡಿದರು. ಅಷ್ಟರಲ್ಲಿ ಯಾರಿಗೂ ಇಷ್ಟ ಉಳಿದಿರಲಿಲ್ಲ.

ನಿನ್ನ ಅಂಗಡಿಗೆ ಹೊಸ ಬಟ್ಟೆ ಬಂದರೆ ಕತ್ತರಿ ಹಾಕುವ ಮೊದಲು ನೀನೂ ಅದರ ತುದಿ ನೆನೆಸಿ ಬಣ್ಣ ಬಿಡುತ್ತದೆಯೇ ಎಂದು ನೋಡುತ್ತೀಯ. ಒಂದು ಸಲ ಕೆಂಪು ಬಟ್ಟೆಯ ಒಂದಿಡೀ ತಾನು ಬಣ್ಣ ಬಿಟ್ಟಿತು, ವ್ಯಾಪಾರಿಯ ಮುಖಕ್ಕೇ ಎಸೆದು ಬಂದೆ. ಊರವರಿಗೆಲ್ಲ ಇನ್ನು ಬಟ್ಟೆಯೇ ಹಾಕ್ಕೋಬೇಡಿ ಅಂದೆಯಾ? ಅಮ್ಮ ಮಾಡಿದ್ದೂ ನೀನು ಮಾಡಿದ್ದೇ.

ಅವಳೇ ಬಾಗಿಲಲ್ಲಿ ನಿಂತು ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ಅನುಮತಿಯಿಲ್ಲದೆ ಲಸಿಕೆಯ ವಿಷಯದಲ್ಲಿ ಬಾಯಿ ಬಿಡಬಾರದೆಂದು ಅವಳಿಗೆ ಆರ್ಡರ್ ಬಂದಿದೆ. ‘ತಂಗಿ ಜೊತೆ ಮಾತಾಡೋಕೂ ಅನುಮತಿ ಬೇಕಾ?’ ಎಂದು ಕೇಳಿದ್ದಕ್ಕೆ ‘ತಂಗಿ ಫೋನಲ್ಲೂ ರೆಕಾರ್ಡ್ ಆಗುತ್ತಲ್ಲ ಮೇಡಂ’ ಅಂದರಂತೆ. ಆದರೂ ಬಂದಿದ್ದಳು. ಆರ್ಡರಿಗೆ ಅವಳು ಹೆದರಲಿಲ್ಲ. ನಿನ್ನ ಮುಖ ನೋಡಿ ಮಾತು ನಿಂತುಹೋಯಿತು. ಈಗ ಅವಳನ್ನು ಪೀಠೋಪಕರಣದ ವಿಭಾಗಕ್ಕೆ ಹಾಕಿದ್ದಾರೆ. ಮುರಿದ ಕುರ್ಚಿಗಳನ್ನು ನೋಡಿ ಇದು ರಿಪೇರಿ, ಇದು ಗುಜರಿ ಎಂದು ಹೇಳುವುದೇ ಕೆಲಸ. ಅವಳ ಫ್ರಿಜ್ಜುಗಳ ಕೋಣೆಗೆ ಬೇರೆ ಬೀಗ ಬಿದ್ದಿದೆ.

ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಕಳೆದ ವಾರ ನಾನು ಮತ್ತೆ ಊರಿಗೆ ಬಂದಿದ್ದೆ, ಅಮ್ಮನ ಜೊತೆ ಬಸ್ಸಿನಲ್ಲಿದ್ದೆ. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಒಂದು ಮಗು ಕೆಮ್ಮತೊಡಗಿತು. ಮಾಮೂಲಿ ಕೆಮ್ಮಲ್ಲ. ಬಿಡುವೇ ಇಲ್ಲದೆ ಕೆಮ್ಮಿ ಕೆಮ್ಮಿ, ಕೊನೆಗೆ ಉಸಿರೆಳೆದುಕೊಳ್ಳುವಾಗ ಹುಂಜ ಕೂಗಿದ ಹಾಗೆ ಒಂದು ಸದ್ದು. ಅಮ್ಮನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಆ ತಾಯಿ ಇಳಿದ ಸ್ಟಾಪಿನಲ್ಲೇ ನಾವೂ ಇಳಿದೆವು, ನಮ್ಮದು ಇನ್ನೂ ದೂರವಿತ್ತು. ಅಮ್ಮ ಓಡಿಹೋಗಿ ‘ನಿಲ್ಲಮ್ಮಾ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ಹೋಗು, ಇದು ನಾಯಿಕೆಮ್ಮು’ ಅಂದಳು. ಆಕೆ ಅಮ್ಮನನ್ನೇ ನೋಡಿದಳು. ಮುಖ ಅರಳಿತು. ‘ನೀವು ಟೀವಿಲಿ ಬಂದಿದ್ರಲ್ಲ? ನೀವು ಹೇಳಿದ ಮೇಲೇ ನಾವು ಹಾಕಿಸ್ಲಿಲ್ಲ ಮೇಡಂ. ಸತ್ಯ ಹೇಳೋರು ಯಾರಿದ್ದಾರೆ ಈ ಕಾಲದಲ್ಲಿ? ನಿಮ್ಮಿಂದ ತುಂಬ ಉಪಕಾರ ಆಯ್ತು’ ಎಂದು ಅಮ್ಮನ ಎರಡೂ ಕೈ ಹಿಡಿದುಕೊಂಡಳು.

ಅಮ್ಮ ಕೈ ಬಿಡಿಸಿಕೊಂಡಳು. ಆಟೋ ನಿಲ್ಲಿಸಿ ಆಕೆಯನ್ನು ಕೂರಿಸಿ, ತಾನೂ ಕೂತು ಆಸ್ಪತ್ರೆಗೆ ಹೋದಳು. ದಿನವೂ ಕುರ್ಚಿ ಕೆಲಸ ಮುಗಿಸಿ ಅಲ್ಲಿಗೇ ಹೋಗಿ ಗಾಜಿನಾಚೆ ನಿಲ್ಲುತ್ತಿದ್ದಳು. ಆ ತಾಯಿಗೆ ಇನ್ನೂ ಅಮ್ಮನ ಮೇಲೆ ನಂಬಿಕೆ, ‘ಮೇಡಂ ಬಂದಿದ್ದಾರೆ, ಇನ್ನು ಭಯ ಇಲ್ಲ’ ಅನ್ನುತ್ತಿದ್ದಳಂತೆ. ಶನಿವಾರ ಮಗು ಹೋಯಿತು. ಅಮ್ಮ ಮನೆಗೆ ಬಂದು ಕೈ ತೊಳೆಯತೊಡಗಿದಳು, ನಾನು ಹೋಗಿ ನಲ್ಲಿ ನಿಲ್ಲಿಸುವ ತನಕ ತೊಳೆಯುತ್ತಲೇ ಇದ್ದಳು. ‘ನಮ್ಮ ಬನ್ನುವಷ್ಟೇ ಇತ್ತು ಕಣೇ’ ಅಂದಳು. ಮಾರನೆಯ ದಿನ ನಾನು ಹಾಸ್ಟೆಲ್ಲಿಗೆ ಹೊರಟು ಬಂದೆ.

ಮೈಕಪ್ಪನನ್ನು ನಾನು ಏನೂ ಮಾಡಲಾರೆ. ಆ ತಾಯಿಗೆ ಹೇಳಲು ನನ್ನ ಬಳಿ ಏನೂ ಇಲ್ಲ. ನಿನಗೆ ಬರೆಯುವುದೊಂದೇ ನನ್ನ ಕೈಲಾಗುವುದು.

ಗುರುವಾರ ಬೆಳಿಗ್ಗೆ ನಿಮ್ಮ ಬೀದಿಯ ಕೊನೆಯಲ್ಲಿರುವ ಸೆಂಟರಿನಲ್ಲಿ ಲಸಿಕೆ ಹಾಕುತ್ತಾರೆ. ಒಂದೇ ಮಗು ಬಂದರೂ ಬಾಟಲಿ ತೆರೆಯುತ್ತಾರಂತೆ, ಫೋನ್ ಮಾಡಿ ಕೇಳಿದ್ದೇನೆ. ಈಗ ದಿನಕ್ಕೆ ಒಂದು ಮಗು ಬರುವುದೂ ಕಷ್ಟವಂತೆ. ಅಮ್ಮನನ್ನು ಅಲ್ಲಿ ಯಾರಾದರೂ ನೋಡಿದರೆ ಇರುವ ಕುರ್ಚಿ ಕೆಲಸವೂ ಹೋಗುತ್ತದೆ, ಅವಳು ಬರುವುದಿಲ್ಲ. ನಾನು ಬರುತ್ತೇನೆ. ಮೊದಲ ಬಸ್ಸಿಗೆ ಹೊರಟು ಗೇಟಿನ ಹತ್ತಿರ ನಿಂತಿರುತ್ತೇನೆ. ಅಮ್ಮನನ್ನು ನಂಬು ಅನ್ನುವುದಿಲ್ಲ, ನನ್ನನ್ನೂ ನಂಬಬೇಡ. ಪೆಟ್ಟಿಗೆ ತೆಗೆಸಿ ಐಸ್ ಡಬ್ಬಿಯನ್ನು ನಿನ್ನ ಕಿವಿಗೇ ಹಿಡಿದು ಅಲ್ಲಾಡಿಸು. ಗುಳುಗುಳು ಅನ್ನದಿದ್ದರೆ ಮಗುವನ್ನು ಎತ್ತಿಕೊಂಡು ಮನೆಗೆ ಹೋಗು, ನಾನು ತಡೆಯುವುದಿಲ್ಲ. ಗುಳುಗುಳು ಅಂದರೆ, ಸೂಜಿ ಚುಚ್ಚುವಾಗ ಬನ್ನುವನ್ನು ನನ್ನ ಕೈಗೆ ಕೊಡು. ನಾನು ಹಿಡಿಯುವ ರೀತಿ ಸರಿಯಿಲ್ಲವೆಂದು ನೀನು ಬೈಯುತ್ತೀಯ, ಗೊತ್ತು. ಬೈದುಕೊಂಡೇ ಕೊಡು. ನೀನು ನೋಡಬೇಕಾಗಿಲ್ಲ, ಆ ಕಡೆ ತಿರುಗಿ ನಿಂತಿರು. ಅವನು ಅಳುತ್ತಾನೆ. ಕೆಮ್ಮಿಲ್ಲದ, ಗಂಟಲು ಬಿಚ್ಚಿದ ಅಳು. ಅದನ್ನು ಕೇಳಬೇಕೆಂದು ನನಗೆ ಎಷ್ಟು ಆಸೆಯಾಗುತ್ತಿದೆಯೆಂದರೆ ಹೇಳಲು ಬರುವುದಿಲ್ಲ.

ನೀನು ಬರದಿದ್ದರೂ ಅವರು ಬಾಗಿಲು ಹಾಕುವ ತನಕ ಅಲ್ಲೇ ಇರುತ್ತೇನೆ. ಆಮೇಲೆ ನಿನ್ನ ಮನೆಗೆ ಬಂದು ಬಾಗಿಲು ಬಡಿಯುವುದಿಲ್ಲ. ಮುಂದಿನ ಗುರುವಾರ ಮತ್ತೆ ಬಂದು ನಿಲ್ಲುತ್ತೇನೆ.

ಬನ್ನುವಿನ ಉಸಿರು ಯಾರ ಕಿವಿಗೂ ಕೇಳದಷ್ಟು ಹಗುರವಾಗಿರಲಿ, ಅವನ ಅಳು ಬೀದಿಗೆಲ್ಲ ಕೇಳುವಷ್ಟು ಜೋರಾಗಿರಲಿ.

ಗೇಟಿನ ಬಳಿ ಕಾಯುವ,
ನಿನ್ನ ಗಾಬರಿ ಡಬ್ಬಿ