ವಾಷಿಂಗ್ ಸೋಡಾ ಎಂದು ಬರೆದ ಡ್ರಮ್ಮುಗಳು

ಕರಡಿಕಟ್ಟೆ
೩೦ ಫೆಬ್ರವರಿ ೨೨೧೩

ಗೋದಾಮಿನ ಮೇಲ್ವಿಚಾರಕರಾದ ಶ್ರೀ ವಿ. ಶೇಷಗಿರಿಯವರಿಗೆ,

ತಾರೀಖು ತಪ್ಪಾಗಿಲ್ಲ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಡ್ರಮ್ಮುಗಳ ಮೇಲಿನ ಚೀಟಿಗಳಿಂದ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲದವರಿಗೆ ಕಳಿಸುವ ಕಾಗದ. ನಮ್ಮ ಕೆಲಸದವರಿಗೆ ಜೀವಮಾನದಲ್ಲಿ ಒಂದನ್ನು ಕಳಿಸಲು ಅನುಮತಿ. ನನ್ನದನ್ನು ತೀರಿಕೊಂಡ ಅಜ್ಜಿಗೆ ಬರೆಯಬೇಕೆಂದಿದ್ದೆ. ಅದು ನಿಮ್ಮ ಪಾಲಾಯಿತು.

ನನ್ನ ಹೆಸರು ತಾರಾಮಣಿ. ನಾನು ಚೀಟಿಗಾರ್ತಿ. ನಿಮ್ಮ ಕಾಲದವರು ಬೀಗ ಹಾಕಿ ಬಿಟ್ಟುಹೋದ ಗೋದಾಮುಗಳನ್ನು ತೆರೆದು, ಡ್ರಮ್ಮಿನ ಮೇಲಿನ ಚೀಟಿ ಓದಿ, ಒಳಗಿರುವುದನ್ನು ಹೇಗೆ ತೊಳೆಯಬೇಕೆಂದು ಹೇಳುವುದು ನನ್ನ ಕೆಲಸ. ತೊಳೆಯುವವರು ದ್ಯಾಮಣ್ಣ. ಈ ಕೆಲಸ ಕಲಿಸಿದವರೂ ಅವರೇ. ಕಬ್ಬಿಣದೊಳಗೆ ಏನಿದೆಯೆಂದು ನೋಡುವ ಯಂತ್ರ ಜಿಲ್ಲೆಗೊಂದೇ ಇದೆ. ಅದು ನಮ್ಮೂರಿಗೆ ಬರಲು ಇನ್ನೂ ಎರಡು ವರ್ಷ. ಅಲ್ಲಿಯವರೆಗೆ ನಮಗೆ ಇರುವುದು ನೀವು ಬರೆದ ಚೀಟಿ ಮಾತ್ರ. ಇಲ್ಲಿಯ ನೆಲದಡಿಯ ನೀರನ್ನು ದನವೂ ಮೂಸುವುದಿಲ್ಲ. ಮುನ್ನೂರು ಮನೆಗಳು ಟ್ಯಾಂಕರಿಗೆ ಕಾಯುತ್ತವೆ. ಗೋದಾಮು ಖಾಲಿಯಾಗದೆ ಹೊಸ ಬಾವಿ ತೋಡುವಂತಿಲ್ಲ. ಹಾಗಾಗಿ ಕಾಯಲಾಗದೆ ನಿಮ್ಮ ಗೋದಾಮಿನ ಬಾಗಿಲು ತೆಗೆದೆವು.

ಮೊದಲ ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿ ತಂದು, ದ್ಯಾಮಣ್ಣ ಮುಚ್ಚಳ ಸಡಿಲಿಸಿದರು.

"ಚೀಟಿ ಓದಿದೆಯೇನಮ್ಮಾ?" ಎಂದರು.

"ಓದಿದೆ ಅಣ್ಣಾ. ವಾಷಿಂಗ್ ಸೋಡಾ ಅಂತಿದೆ."

"ಸರಿ, ಹಾಗಾದರೆ ನೀರು ಬಿಡು."

ನಾನು ನಲ್ಲಿ ತಿರುಗಿಸಿದೆ. ಡ್ರಮ್ಮು ಸಿಡಿಯಿತು. ಹಳದಿ ಬೆಂಕಿ ಎದ್ದಿತು. ದ್ಯಾಮಣ್ಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕುಸಿದರು. ಅವರ ಎರಡು ಕಣ್ಣೂ ಹೋದವು.

ಆಮೇಲೆ ನಾನು ಉಳಿದ ಡ್ರಮ್ಮೊಂದರ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಅಡಿಯಲ್ಲಿ ಕೆಂಪು ಚೀಟಿಯಿತ್ತು: ಸೋಡಿಯಂ ಲೋಹ, ನೀರು ತಾಗಿಸಬಾರದು. ಮಿಕ್ಕವುಗಳಲ್ಲಿ ಕೆಂಪು ಚೀಟಿಯನ್ನೇ ಕಿತ್ತುಹಾಕಿ ಸೋಡಾದ ಚೀಟಿ ಅಂಟಿಸಿದ್ದೀರಿ. ನಿಮ್ಮ ಮೇಜಿನ ಖಾನೆಯಲ್ಲಿ ದಿನಚರಿ ಸಿಕ್ಕಿತು. "ಇಲ್ಲಿ ಸಾಬೂನಿನ ಸಾಮಾನಿಗಷ್ಟೇ ಪರವಾನಗಿ. ನಾಳೆ ತಪಾಸಣೆ. ಚೀಟಿ ಬದಲಾಯಿಸಿದೆ." ಅಕ್ಷರ ದುಂಡಗೆ, ಸಹಿ ಸ್ಪಷ್ಟ. ಅಷ್ಟು ಚೆನ್ನಾಗಿ ಬರೆಯಬಲ್ಲವರಿಗೆ ನಿಜ ಬರೆಯಲು ಏನು ಕಷ್ಟವಿತ್ತು ಸ್ವಾಮಿ? ತಪಾಸಣೆಯವರು ಬಂದು ಚಹಾ ಕುಡಿದು ಹೋಗಿರುತ್ತಾರೆ. ನಿಮ್ಮ ದಿನ ಕಳೆಯಿತು. ಡ್ರಮ್ಮುಗಳು ಅಲ್ಲೇ ಉಳಿದವು.

ಆಸ್ಪತ್ರೆಯಲ್ಲಿ ದ್ಯಾಮಣ್ಣ ನನ್ನ ಕೈ ಹುಡುಕಿ ಹಿಡಿದುಕೊಂಡರು. "ನೀನು ಓದಿದ್ದು ಸರಿಯಾಗೇ ಇತ್ತು ತಾರಾ. ಬರೆದವನು ತಪ್ಪು ಬರೆದಿದ್ದ," ಎಂದರು. ಅವರ ಹೆಂಡತಿ ಹೊನ್ನಮ್ಮ ಮಾತ್ರ ನನ್ನತ್ತ ತಿರುಗಿ ನೋಡಲಿಲ್ಲ. ನಾನು ಅವರನ್ನು ದೂರುವುದಿಲ್ಲ. ನಲ್ಲಿ ತಿರುಗಿಸಿದ ಕೈ ನನ್ನದು. ಆ ಸಿಟ್ಟನ್ನು ಯಾರ ಮೇಲೆ ಹಾಕಲಿ? ನೀವು ಸತ್ತು ನೂರೈವತ್ತು ವರ್ಷವಾಗಿರಬೇಕು.

ಇನ್ನೂ ಅರವತ್ತೊಂದು ಡ್ರಮ್ಮುಗಳಿವೆ. ಎಲ್ಲದರ ಮೇಲೂ ಅದೇ ವಾಷಿಂಗ್ ಸೋಡಾ. ಕೆಲವು ಅಲ್ಲಾಡಿಸಿದರೆ ಕುಲುಕುತ್ತವೆ, ಕೆಲವು ಇಲ್ಲ. ಗೋಡೆಯ ಪಕ್ಕದ ಒಂದು ಉಬ್ಬಿಕೊಂಡಿದೆ. ಸೋಮವಾರ ಕೆಲಸ ಮತ್ತೆ ಶುರು. ದ್ಯಾಮಣ್ಣನವರ ಜಾಗಕ್ಕೆ ಹೊಸದಾಗಿ ಬಂದವಳಿಗೆ ಇಪ್ಪತ್ತೆರಡು ವರ್ಷ. ಅವಳು ನನ್ನ ಮಾತು ನಂಬಿ ಮುಚ್ಚಳ ತೆಗೆಯುತ್ತಾಳೆ.

ಈ ಕಾಗದ ತಲುಪಿದರೆ ನನಗೆ ನಿಮ್ಮ ಕ್ಷಮಾಪಣೆ ಬೇಡ. ಒಳಗೇನಿದೆಯೆಂದು ನಿಮಗೆ ಗೊತ್ತು. ಈ ಲೋಕದಲ್ಲಿ ಇನ್ನು ಯಾರಿಗೂ ಗೊತ್ತಿಲ್ಲ. ದಯವಿಟ್ಟು ಈಗಲೇ ಎದ್ದು ಗೋದಾಮಿಗೆ ಹೋಗಿ, ಪ್ರತಿ ಡ್ರಮ್ಮಿನ ಮೇಲೂ ಅದರ ನಿಜವಾದ ಹೆಸರು ಬರೆಯಿರಿ. ಸೀಮೆಸುಣ್ಣ ಬೇಡ, ಉಳಿಯುವುದಿಲ್ಲ. ಬಣ್ಣದಲ್ಲಿ ಬರೆಯಿರಿ. ಸೋಮವಾರ ಬೆಳಗ್ಗೆ ನಾನು ಬಂದು ಓದುತ್ತೇನೆ.

ಇಂತಿ,
ತಾರಾಮಣಿ