ಉಯಿಲಿಗೆ ಸೇರದ ದನಿ

ಭಾನುವಾರ, ಜುಲೈ 14

ಪುಟ್ಟಿ,

ನಿನಗೆ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರಾಗಬೇಡ. ಅಕ್ಷರ ಇಷ್ಟು ದಪ್ಪ ಏಕೆ ಎಂದು ನಗಲೂ ಬೇಡ. ಭೂತಗನ್ನಡಿ ಹಿಡಿದರೂ ಸಾಲು ಕಣ್ಣಿಗೆ ಸಿಗುತ್ತಿಲ್ಲ. ಡಾಕ್ಟರು, "ಇನ್ನು ಓದೋದು ಬಿಟ್ಬಿಡಿ, ಯಾರಾದ್ರೂ ಓದಿದ್ರೆ ಕೇಳಿಸ್ಕೊಳ್ಳಿ" ಅಂದರು. ಊಟ ಬಿಡಿ ಅಂದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನನ್ನ ಕಣ್ಣು ಮಬ್ಬಾಗತೊಡಗಿದ ಮೇಲೆ ನಿಮ್ಮಪ್ಪ ನಮ್ಮ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಸದ್ದಾಗಬಾರದೆಂದು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತಾ ಕೂರುತ್ತಿದ್ದರು. ಅಡುಗೆಮನೆಯಲ್ಲಿ ನನ್ನ ಕೈ ಜಾರಿದರೆ, "ಲೇ, ರಾಜ ಸಾಯೋ ಹೊತ್ತಿಗೆ ಸರಿಯಾಗಿ ಸೌಟು ಬೀಳಿಸಿದೆಯಲ್ಲ" ಅಂತ ಗೊಣಗಿ, ಆ ಪುಟವನ್ನು ಮತ್ತೆ ಮೊದಲಿಂದ ಓದುವರು. ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಒಂದು ಕಂಪನಿಯ ಖಾತೆಗೆ ಸೇರಿಸುತ್ತಿದ್ದರು. ಪಾಸ್‌ವರ್ಡ್ ಅವರ ತಲೆಯಲ್ಲಿತ್ತು, ಅವರ ಜೊತೆಯೇ ಹೋಯಿತು.

ನಿಮ್ಮಪ್ಪ ಉಯಿಲು ಬರೆಸಿದ ದಿನವೇ, ಈ ರೆಕಾರ್ಡಿಂಗ್‌ಗಳು ಯಾರಿಗೆ ಎಂದು ನಾನು ಕೇಳಿದ್ದೆ. ವಕೀಲರು ನಕ್ಕು, "ಮನೆ, ಠೇವಣಿ, ಪುಸ್ತಕ ಎಲ್ಲಾ ನಿಮ್ಮ ಹೆಸರಿಗೆ ಬರೆದಿದೀನಿ ಅಮ್ಮಾ. ಮೊಬೈಲಲ್ಲಿರೋದನ್ನ ಯಾರಾದ್ರೂ ಆಸ್ತಿ ಅಂತಾರಾ?" ಅಂದರು. ಓದಲಾರದವಳಿಗೆ ಕಪಾಟು ತುಂಬ ಪುಸ್ತಕ ಸಿಕ್ಕಿತು. ಓದಿದ ದನಿಗೆ ವಾರಸುದಾರರೇ ಇಲ್ಲ.

ಕಂಪನಿಗೆ ಮರಣ ಪ್ರಮಾಣಪತ್ರ ಕಳಿಸಿದೆ, ಮದುವೆಯದ್ದನ್ನೂ ಕಳಿಸಿದೆ. "ಗ್ರಾಹಕರ ಗೋಪ್ಯತೆ ನಮಗೆ ಮುಖ್ಯ" ಎಂಬ ಉತ್ತರ ಬಂತು. ಅವರ ಕೆಮ್ಮಿನ ಗುರುತೂ ಬಲ್ಲ ಹೆಂಡತಿಯಿಂದ ಎಂಥ ಗೋಪ್ಯ? ನನ್ನ ಅಪ್ಪ ಹೋದಾಗ ಅಂಚೆಯವನು ಅವರ ಹೆಸರಿನ ಕಾಗದಗಳನ್ನು ಅಮ್ಮನ ಕೈಗಿಟ್ಟು, ಸೈಕಲ್ ಒರಗಿಸಿ ಕೈ ಮುಗಿದಿದ್ದ. ಅಂಥ ಅಂಚೆ ಇಲಾಖೆಯನ್ನೂ ಬಯ್ದು ಪತ್ರಿಕೆಗೆ ಬರೆದವಳು ನಾನು. ಈಗ ಬಯ್ಯೋಣವೆಂದರೆ ಎದುರಿಗೆ ಮುಖವೇ ಇಲ್ಲ.

ಹಳೆಯದನ್ನು ಮರೆ ಎನ್ನುವುದಿಲ್ಲ. ಗಂಡನ ಮನೆ ಬಿಟ್ಟು ಬಂದ ನಿನ್ನನ್ನು ನಿಮ್ಮಪ್ಪ ಬಾಗಿಲಲ್ಲೇ ತಡೆದು "ವಾಪಸ್ ಹೋಗು" ಅಂದದ್ದು ನನಗೂ ನೆನಪಿದೆ. ಆಮೇಲೆ ನೀವಿಬ್ಬರೂ ಮಾತಾಡಲಿಲ್ಲ. ಆದರೆ ಖಾತೆ ತೆರೆಸಲು ಕೋರ್ಟಿಗೆ ಹಾಕುವ ಅರ್ಜಿಗೆ ಮಗಳ ಸಹಿಯೂ ಬೇಕಂತೆ. ನನಗೋಸ್ಕರ ಹಾಕು. ನಿನ್ನ ಫೋನು, ಫೋಟೊ, ಖಾತೆಗಳು ಯಾರಿಗೆ ಸೇರಬೇಕೆಂದು ನೀನೂ ಈಗಲೇ ಬರೆದಿಡು. ವಯಸ್ಸಾಗಲಿ ಎಂದು ಕಾಯಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಸೋಮವಾರ. ಲಕೋಟೆ ಅಂಟಿಸುವ ಮೊದಲೇ ಕಂಪನಿಯ ಹುಡುಗಿ ಫೋನ್ ಮಾಡಿದಳು. ಅರ್ಜಿ ಬೇಡವಂತೆ. ತಮ್ಮ ನಂತರ ಖಾತೆ ಯಾರಿಗೆ ಎಂಬಲ್ಲಿ ನಿಮ್ಮಪ್ಪ ಒಂದು ಹೆಸರು ಕೊಟ್ಟಿದ್ದರಂತೆ. ನನ್ನದಲ್ಲ, ನಿನ್ನದು. ಕಂಪನಿಯವರು ನಿನಗೆ ಬರೆದು ಕೇಳಿದ್ದರಂತೆ. ಎಲ್ಲವನ್ನೂ ಅಳಿಸಿಬಿಡಿ ಎಂದು ನೀನು ಕಳೆದ ತಿಂಗಳು ಒಪ್ಪಿಗೆ ಕೊಟ್ಟೆಯಂತೆ, ಅಳಿಸಿಯೂ ಆಯಿತಂತೆ. ಇದನ್ನೆಲ್ಲ ಅವಳು ಹೇಳಬಾರದಿತ್ತು, ಪಾಪ, ಹೇಳಿಬಿಟ್ಟಳು. ಏಕೆ ಹಾಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ಗೊತ್ತಿದೆ. ಅಳಿಸುವ ಮೊದಲು ಒಂದನ್ನಾದರೂ ತೆರೆದು ಕೇಳಿದೆಯಾ? ಕೇಳಿದ್ದರೆ ಯಾವ ಪುಸ್ತಕ, ಎಲ್ಲಿಯವರೆಗೆ ಓದಿದ್ದರು, ಅಷ್ಟು ಬರೆದು ತಿಳಿಸು.